ಎರಡು ಗೆರೆಗಳ ಒಂದೇ ಬಾಗು

ನನ್ನ ಪಿಎಚ್‌ಡಿ ಮುಗಿಯಿತೇ ಎಂದು ನಮ್ಮ ಬಡಾವಣೆ ಗೋಪಾಳದ ತರಕಾರಿ ಅಂಗಡಿಯವರೂ ಕೇಳತೊಡಗಿದ್ದ ಕಾಲವದು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನನಗೆ ಕೊನೆಯ ಅಧ್ಯಾಯವೊಂದೇ ಬಾಕಿಯಿತ್ತು. ಅದು ನಿಂತರೆ ನಾನು ಡಾಕ್ಟರು, ಬಿದ್ದರೆ ಮತ್ತೆ ಮೊದಲಿನಿಂದ.

ನನ್ನ ಬಳಿ ಗ್ರಾಫಿನ ಎರಡು ಗೆರೆಗಳಿದ್ದವು. ಒಂದು, ಆಲ್ಕೊಳದ ಅಡಿಕೆ ಮಂಡಿಯಿಂದ ವಾರವಾರ ಹೊರಟ ಮೂಟೆಗಳದ್ದು. ಇನ್ನೊಂದು, ಭದ್ರಾವತಿಯ ಗುಜರಿ ಅಂಗಡಿಯಿಂದ ಹೊರಟ ಹಳೇ ಕಬ್ಬಿಣದ್ದು. ಎರಡೂ ಆಗಾಗ ಧಡಕ್ಕನೆ ಕುಸಿದು, ಆಮೇಲೆ ನಿಧಾನಕ್ಕೆ ಏಳುತ್ತಿದ್ದವು. ತಕ್ಕ ಪ್ರಮಾಣದಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಆ ಬಾಗು ಮಾಯವಾದರೆ, ಎರಡನ್ನೂ ಬಾಗಿಸುವ ಕಾರಣ ಒಂದೇ ಎಂದರ್ಥ. ಪರೀಕ್ಷೆ ಮಾಡಿದೆ. ಮಾಯವಾಯಿತು! ಕುರ್ಚಿಯಿಂದೆದ್ದು ಅಡುಗೆಮನೆಯ ತನಕ ಕುಣಿದೆ.

ಕಾರಣ ಏನೆಂದು ಪರೀಕ್ಷೆ ಹೇಳುವುದಿಲ್ಲ. ಅದನ್ನು ನಾನು ಹೇಳಿದೆ, ನಲವತ್ತು ಪುಟ. ವ್ಯಾಪಾರಿಗಳ ಸಾಮೂಹಿಕ ಭೀತಿ, ಜಿಲ್ಲೆಯ ಆರ್ಥಿಕ ಮನಸ್ಸು, ಇನ್ನೂ ಏನೇನೋ. ಓದಿದರೆ ನನಗೇ ಮೈ ಜುಮ್ಮೆನ್ನುತ್ತಿತ್ತು.

ಅಧ್ಯಾಯ ಒಪ್ಪಿಸುವ ಮುಂಚೆ ಕೊನೆಯ ಸಲ ಗುಜರಿ ಅಂಗಡಿಗೆ ಹೋದೆ. ಬಾಗಿಲಿಗೆ ಅಡ್ಡವಾಗಿ ಅದೇ ಹಳದಿ ಲಾರಿ. ಸ್ಕೂಟರ್ ನಿಲ್ಲಿಸಲು ಜಾಗವಿಲ್ಲವೆಂದು ಅದರ ಡ್ರೈವರ್ ಜೊತೆ ಇಲ್ಲೂ ಜಗಳವಾಡಿದ್ದೆ, ಆಲ್ಕೊಳದಲ್ಲೂ ಜಗಳವಾಡಿದ್ದೆ. ಅವತ್ತು ಖುಷಿಯಲ್ಲಿದ್ದೆನಲ್ಲ, ಅವರಿಗೂ ನನ್ನ ಗೆರೆಗಳನ್ನು ತೋರಿಸಿದೆ.

ನೆರೆತ ಗಡ್ಡದ ಆ ಡ್ರೈವರ್ ಕೆಳಗಿನ ತಾರೀಕು ನೋಡುತ್ತಾ ಒಂದೊಂದೇ ಕುಸಿತದ ಮೇಲೆ ಬೆರಳಿಟ್ಟರು. "ಇದು ಕ್ಲಚ್ ಹೋಗಿದ್ದು ಮೇಡಂ. ಇದು ಗೇರ್ ಬಾಕ್ಸ್. ಇದು ನಮ್ ಮಗಳ ಶಾದಿ, ಹತ್ತು ದಿನ ಗಾಡಿ ತೆಗೀಲಿಲ್ಲ."

"ಎರಡು ಕಡೆ ಮಾಲೆಲ್ಲ ಹೋಗೋದು ಇದೊಂದೇ ಲಾರೀಲಾ?"

"ಇನ್ನೇನು? ಬೆಳಿಗ್ಗೆ ಆಲ್ಕೊಳದಿಂದ ಅಡಿಕೆ ತರ್ತೀನಿ. ವಾಪಸ್ ಹೋಗ್ತಾ ಇಲ್ಲಿಂದ ಗುಜರಿ ತಗೊಂಡು ಮಾಚೇನಹಳ್ಳಿ ಫ್ಯಾಕ್ಟರಿಗೆ ಹಾಕ್ತೀನಿ."

"ಮತ್ತೆ ಇದು ನಿಧಾನಕ್ಕೆ ಏರೋದು?"

"ರಿಪೇರಿ ಆದ್ಮೇಲೆ ಒಂದೆರಡು ವಾರ ಫುಲ್ ಲೋಡ್ ಹಾಕಲ್ಲ. ಪಾಪ, ಹಳೇ ಗಾಡಿ ಅಲ್ವಾ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲಿಂದಲೇ ನನ್ನ ಗೈಡ್ ಮೇಡಂಗೆ ಫೋನ್ ಮಾಡಿದರೆ ಅವರು ಬಿದ್ದು ಬಿದ್ದು ನಕ್ಕರು. "ಪರೀಕ್ಷೆ ಸರಿಯಾಗೇ ಹೇಳಿದೆ ಮಾರಾಯ್ತಿ, ಕಾರಣ ಒಂದೇ ಅಂತ. ಅಧ್ಯಾಯ ಇಟ್ಕೋ, ನಿನ್ನ ನಲವತ್ತು ಪುಟ ಕಿತ್ತುಹಾಕು."

ಹಾಗೆ ಅಧ್ಯಾಯ ಉಳಿಯಿತು. ಆರ್ಥಿಕ ಮನಸ್ಸಿದ್ದ ಜಾಗದಲ್ಲಿ ಒಂದು ಲಾರಿ ಬಂದು ನಿಂತಿತು. ಕೃತಜ್ಞತೆಯ ಪುಟದಲ್ಲಿ ಗೈಡ್, ಗಂಡ, ಅತ್ತೆ, ಗ್ರಂಥಾಲಯದ ಗುಮಾಸ್ತರು ಎಲ್ಲ ಆಗಲೇ ಇದ್ದರು. ಡ್ರೈವರನ್ನೂ ಸೇರಿಸೋಣವೆಂದು ಕೂತೆ. ಮೂರು ವರ್ಷ ಆ ಮನುಷ್ಯನ ಜೊತೆ ಜಗಳವಾಡಿದ್ದೆ, ಒಮ್ಮೆಯೂ ಹೆಸರು ಕೇಳಿರಲಿಲ್ಲ.