ತಕ್ಕಡಿಗೆ ಹಾಕದೆ ನಂಬದವರು

ಬಿಲ್ಲುಗಾರಿಕೆಯ ಮೈದಾನದ ಹಿಂದಿನ ಕೋಣೆಯಲ್ಲಿ ಕೂತು ಬಾಣ ಮಾಡಿಕೊಡುವ ಗ್ರಾಂ ಮೇಷ್ಟ್ರು ತಕ್ಕಡಿಗೆ ಹಾಕದೆ ಯಾರ ಮಾತನ್ನೂ ನಂಬಿದವರಲ್ಲ. "ಬಾಣ ಸ್ವಲ್ಪ ಭಾರ ಸಾರ್" ಎಂದು ಯಾರಾದರೂ ಬಾಯಿ ತೆರೆದರೆ ಸಾಕು, "ನೀನು ಹೇಳ್ಬೇಡಪ್ಪಾ, ತಕ್ಕಡಿ ಹೇಳ್ಲಿ" ಎಂದು ತೂಗಿ, ಅರ್ಧ ಗ್ರಾಂ ಹೆಚ್ಚು ಕಂಡರೆ ತಾವೇ ಮೋಸ ಹೋದವರಂತೆ ಮುಖ ಸಣ್ಣ ಮಾಡುವರು. ಮನೆಗೆ ತಂದ ಬದನೆಕಾಯಿ, ರಿಪೇರಿಯಾಗಿ ಬಂದ ಚಪ್ಪಲಿ, ಕೊನೆಗೆ ನುಂಗಬೇಕಾದ ಮಾತ್ರೆಯೂ ಆ ತಕ್ಕಡಿ ಹತ್ತಿ ಇಳಿದಿವೆ. ಕೇಳುವವರು ಇರಲಿ ಬಿಡಲಿ, ಪಾಠ ಮಾತ್ರ ತಪ್ಪದು: "ಬಾಣ ಹಗುರಾದ್ರೆ ವೇಗ ಬರುತ್ತೆ, ನಿಜ. ಆದ್ರೆ ಬಿಲ್ಲಿನ ಶಕ್ತಿನೆಲ್ಲ ಅದು ಹೊತ್ಕೊಂಡು ಹೋಗಲ್ಲ. ಉಳಿದಿದ್ದು ವಾಪಸ್ ಬಂದು ಬಿಲ್ಲನ್ನೇ ಸೀಳುತ್ತೆ." ಇಷ್ಟು ಬಲ್ಲವರು ಮೂರು ವರ್ಷದಿಂದ ಒಬ್ಬರಿಗೆ ಮಾತ್ರ ಬಾಣ ಹಗುರ ಮಾಡುತ್ತಲೇ ಬಂದಿದ್ದಾರೆ. ಅದು ತಮ್ಮ ಹೆಂಡತಿಗೆ. ಆಕೆ ಒಂದು ಕಾಲಕ್ಕೆ ಇದೇ ಮೈದಾನದಲ್ಲಿ ಗುರಿಗೆ ಹೆಸರಾದವರು. ಈಗ ಸ್ನಾಯು ಸೊರಗುವ ಕಾಯಿಲೆ, ಡಾಕ್ಟರು ಕೈಚೆಲ್ಲಿದ್ದಾರೆ. ತೋಳು ಸೋತಷ್ಟೂ ಮೇಷ್ಟ್ರು ಮೆದು ಬಿಲ್ಲು ಕಟ್ಟಿದರು, ಬಾಣ ಹೆರೆದರು. ಇಪ್ಪತ್ತೆಂಟು ಗ್ರಾಂ ಇದ್ದದ್ದು ಹನ್ನೆರಡಕ್ಕೆ ಇಳಿಯಿತು. ಇನ್ನು ಹೆರೆದರೆ ಕಡ್ಡಿಯೇ ಉಳಿಯದು. ಇವತ್ತು ಬೆಳಿಗ್ಗೆ ಆಕೆ ಬಿಲ್ಲನ್ನು ಮುಟ್ಟಲೇ ಇಲ್ಲ. ಬಾಣವೊಂದನ್ನೇ ಎರಡೂ ಕೈಯಲ್ಲಿ ಎತ್ತಲು ಹೋಗಿ, ಆಗದೆ ಮಡಿಲಿಗೆ ಬಿಟ್ಟು, "ಇದು ಭಾರ ಆಯ್ತು ಕಣ್ರೀ" ಎಂದರು. ತಕ್ಕಡಿ ಪಕ್ಕದಲ್ಲೇ ಇತ್ತು. ಮೇಷ್ಟ್ರು ಅದರ ಕಡೆ ತಿರುಗಲಿಲ್ಲ. "ಹೌದು ಕಣೇ, ಭಾರಾನೇ" ಎಂದರು.