ಮೂರನೇ ಹಾಡಿನ ನಡುವೆ ಮಾವ

ಕಳೆದ ತಿಂಗಳು ನನ್ನ ಅಮ್ಮ ಒಂದು ಹೆವಿ ಮೆಟಲ್ ಆಲ್ಬಮನ್ನು ಡೂಪ್ಲಿಕೇಟ್ ಎಂದು ತಿರಸ್ಕರಿಸಿದಳು.

ಅಮ್ಮ ಗಂಗೊಳ್ಳಿಯವಳು. ಮೊನ್ನೆ ಮೊನ್ನೆಯವರೆಗೂ ಹೆಮ್ಮಾಡಿಯಲ್ಲಿ ಮೀನು ಮಾರಿದವಳು. ಬಂಗುಡೆಯ ಕಿವಿರು ಎತ್ತಿ ನೋಡಿ ಹಳತೋ ಹೊಸತೋ ಹೇಳುವ ಅದೇ ದನಿಯಲ್ಲಿ ಹೇಳಿದಳು: "ಇದ್ ಒರಿಜಿನಲ್ ಅಲ್ದೇ. ಯಾರೋ ನಿಂಗೆ ಟೋಪಿ ಹಾಕಿರ್."

ಹಾಗಾದರೆ ಒರಿಜಿನಲ್ ಯಾವುದು? ಅದಕ್ಕೆ ಎಂಬತ್ತರ ದಶಕದ ಶುರುವಿಗೆ ಹೋಗಬೇಕು. (ಹೆದರಬೇಡಿ, ಬೇಗ ವಾಪಸ್ ಬರೋಣ.)

ಆಗ ನನ್ನ ಸೋದರಮಾವ ಬೊಂಬಾಯಿಯ ಒಂದು ಕ್ಯಾಂಟೀನಿನಲ್ಲಿದ್ದರು. ಚಹಾ ಕುಡಿಯಲು ಬಂದ ಕಾಲೇಜು ಹುಡುಗನೊಬ್ಬ ಮೇಜಿನ ಮೇಲೆ ಕ್ಯಾಸೆಟ್ ಮರೆತುಹೋದ. ತಿರುಗಿ ಬರಲೇ ಇಲ್ಲ. ಮಾವನಿಗೆ ಬೇಕಿದ್ದದ್ದು ಹಾಡಲ್ಲ, ಟೇಪು. ಊರಲ್ಲಿದ್ದ ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಮಗನ ಸುದ್ದಿ ಅವಳಿಗೆ ಮಗನ ಬಾಯಲ್ಲೇ ತಲುಪಬೇಕಿತ್ತು. ಕ್ಯಾಸೆಟ್ಟಿನ ನೆತ್ತಿಯ ತೂತಿಗೆ ಕಾಗದ ತುರುಕಿದರೆ ಅದರ ಮೇಲೆ ನಮ್ಮ ದನಿ ರೆಕಾರ್ಡ್ ಮಾಡಬಹುದು ಎಂಬ ವಿದ್ಯೆ ಆ ಕಾಲದಲ್ಲಿ ಯಾರಿಗೆ ಗೊತ್ತಿರಲಿಲ್ಲ ಹೇಳಿ? ಟೇಪು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮಾವ ಶುರು ಹಚ್ಚಿಕೊಂಡರು. ಊರಿಗೆ ಹೊರಟವರೊಬ್ಬರ ಕೈಯಲ್ಲಿ ಕಳಿಸಿಕೊಟ್ಟರು.

ಹಾಗಾಗಿ ನಮ್ಮ ಮನೆಯ ಹೆವಿ ಮೆಟಲ್ ಹೀಗಿತ್ತು. ಮೊದಲೆರಡು ಹಾಡು ಪೂರ್ತಿ. ಮೂರನೆಯದರಲ್ಲಿ ಡ್ರಮ್ಮು ದಡಬಡ, ಗಿಟಾರು ಕರಕರ, ಹಾಡುವವನು ಬಾಲ ತುಳಿಸಿಕೊಂಡವನ ಹಾಗೆ ಒಂದು ಕೂಗು ಹಾಕಿ ಉಸಿರು ಎಳೆದುಕೊಳ್ಳುತ್ತಾನೆ. ಟಕ್!

"ಅಬ್ಬೇ, ನಾನ್ ಮಾತಾಡುದ್. ಕೇಣ್ತಾ? ನಾನಿಲ್ಲ್ ಆರಾಮ್ ಇದ್ದೆ. ಇಲ್ಲಿ ಮೀನಿಗೆ ರುಚಿಯೇ ಇಲ್ಲೆ ಕಾಣ್. ನೀ ಬಿಸ್ಲಂಗೆ ತಿರ್ಗ್ಬೇಡ. ಹೆಣೇ, ನಿನ್ ಕಾಲ್ ನೋವ್ ಹ್ಯಾಂಗಿತ್ತ್? ಮತ್ತೆ... ಮತ್ತೆ... ಆ ಕಪ್ಪ್ ಬೆಕ್ಕ್ ಮರಿ ಹಾಕಿತ್ತಾ?"

ಟಕ್! ಮತ್ತೆ ಗಿಟಾರು.

(ಆ 'ಅಬ್ಬೇ' ನನ್ನ ಅಜ್ಜಿ, ಆ 'ಹೆಣೇ' ನನ್ನ ಅಮ್ಮ, ಮಾವನ ತಂಗಿ.)

ಅಜ್ಜಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಇದನ್ನು ಕೇಳುತ್ತಿದ್ದಳು. ಮಾವನ ಮಾತಷ್ಟೇ ಅಲ್ಲ, ಮೊದಲಿಂದ ಕೊನೆಯವರೆಗೆ. "ಮಗ ಕಳ್ಸಿದ್ದಲೆ, ಪೂರ್ತಿ ಕೇಣ್ಕ್." ಕವರಿನ ಮೇಲೆ ಕೊಡಲಿ ಹಿಡಿದ ಅಸ್ಥಿಪಂಜರದ ಚಿತ್ರ. "ಯಾವ ದೇವ್ರೋ ಎಂತೋ, ಕಾಲ್ ತಾಗ್ಸ್ಬೇಡಿ" ಎಂದು ಅದನ್ನೂ ಮೇಲಿನ ಹಲಗೆಯಲ್ಲಿ ಇಟ್ಟಿದ್ದಳು. ಅಮ್ಮ ಆ ಡ್ರಮ್ಮಿನ ಲಯಕ್ಕೇ ಮೀನು ಕೊಯ್ಯುತ್ತಿದ್ದಳು. ಆ ಬ್ಯಾಂಡಿನವರ ಲಂಡನ್ನಿನಲ್ಲಿ ಇಂಥ ಭಕ್ತರಿದ್ದರೋ ಇಲ್ಲವೋ, ಗಂಗೊಳ್ಳಿಯ ನಮ್ಮ ಓಣಿಯಲ್ಲಂತೂ ಇದ್ದರು.

ಉತ್ತರ? ಅದೇ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸಬಹುದಿತ್ತು. ಆದರೆ ಮಗನ ದನಿ ಅಳಿಸಿಹೋಗುತ್ತದೆಂದು ಅಜ್ಜಿ ರೆಕಾರ್ಡ್ ಮಾಡುವ ಕೆಂಪು ಬಟನ್ನಿನ ಹತ್ತಿರ ಯಾರನ್ನೂ ಬಿಡಲಿಲ್ಲ. ಪಕ್ಕದ ಮನೆಯ ಮೇಷ್ಟ್ರ ಕೈಯಲ್ಲಿ ಕಾಗದ ಬರೆಸಿದಳು. ಮೇಷ್ಟ್ರು ಶಿಸ್ತಿನ ಮನುಷ್ಯ. "ಬೆಕ್ಕಿನ್ ಸುದ್ದಿಗೆಲ್ಲ ಇನ್‌ಲ್ಯಾಂಡ್ ಹಾಳ್ ಮಾಡುದಾ?" ಎಂದು 'ನಾವೆಲ್ಲರೂ ಕ್ಷೇಮ' ಬರೆದು ಅಂಟಿಸಿಬಿಟ್ಟರು.

ಅಜ್ಜಿ ಹೋದಳು. ಕ್ಯಾಸೆಟ್ಟೂ ಬೂಸ್ಟು ಹಿಡಿದು ಹೋಯಿತು.

ಮಾವ ಇದ್ದಾರೆ. ಗುಂಡುಕಲ್ಲಿನ ಹಾಗಿದ್ದಾರೆ, ಮುಂಬೈಯಲ್ಲೇ. ಅನ್‌ಲಿಮಿಟೆಡ್ ಕಾಲ್ ಇರುವ ಫೋನೂ ಇದೆ. ದಿನಾ ಬೆಳಿಗ್ಗೆ ಅಮ್ಮನಿಗೆ ಗುಡ್ ಮಾರ್ನಿಂಗ್ ಬರೆದ ದಾಸವಾಳ ಬರುತ್ತದೆ. ಭಾನುವಾರ ಕಾಲ್ ಬರುತ್ತದೆ. "ಹ್ಞಾಂ. ಉಂಡ್ಯಾ? ಮತ್ತೆಂತ ಇಲ್ಲೆ. ಇಡ್ತೆ." ಮುಗಿಯಿತು!

"ಅಣ್ಣ ಫೋನ್ ಮಾಡ್ತ, ಮಾತಾಡುದಿಲ್ಲೆ" ಎಂದಳು ಅಮ್ಮ ಒಂದು ದಿನ. "ಇಂಟರ್‌ನೆಟ್ಟಂಗೆ ಎಲ್ಲಾ ಸಿಕ್ಕತ್ತಂಬ್ರಲೆ. ಆ ಕ್ಯಾಸೆಟ್ಟಿನೊಳ್ಗೆ ಇದ್ದ ಅಣ್ಣ ಸಿಕ್ಕತ್ನಾ ಕಾಣ್."

ನಗು ಬಂತು, ಆದರೂ ಇಲ್ಲವೆನ್ನಲಾಗಲಿಲ್ಲ. ಬ್ರಹ್ಮಾವರದ ನನ್ನ ಅಡುಗೆಮನೆಯಲ್ಲಿ ಕುಳಿತು ಕೊಡಲಿ ಹಿಡಿದ ಅಸ್ಥಿಪಂಜರವನ್ನು ಹುಡುಕಿದೆ. ಹುಡುಕಿದೆ, ಹುಡುಕಿದೆ, ಸಿಕ್ಕಿಯೇಬಿಟ್ಟಿತು! ಒಲೆಯ ಮೇಲಿನ ಹಾಲು ಉಕ್ಕಿತು, ನಾನೂ ಉಕ್ಕಿದೆ. ಕೆಳಗೆ ಅಭಿಮಾನಿಗಳ ಕಾಮೆಂಟುಗಳು ಬೇರೆ. ಇದು ಅಂಡರ್‌ರೇಟೆಡ್ ಆಲ್ಬಮ್ ಅಂತೆ. ಪ್ರಪಂಚ ಇದಕ್ಕೆ ಅನ್ಯಾಯ ಮಾಡಿತಂತೆ. ಅದರಲ್ಲೂ ಮೂರನೇ ಹಾಡಿನ ನಡುವಿನ ಗಿಟಾರ್ ಸೋಲೋ ಇದೆಯಲ್ಲ, ಅಂಥದ್ದು ಇನ್ನೊಂದಿಲ್ಲವಂತೆ!

ಮೂರನೇ ಹಾಡಿನ ನಡುವೆ ಸೋಲೋ? ಅಲ್ಲಿ ಬೆಕ್ಕಿತ್ತಲ್ಲ ಮಾರಾಯ್ರೆ!

ಅಮ್ಮನ ಜೊತೆಯೇ ಕೇಳಬೇಕೆಂದು ಗಂಗೊಳ್ಳಿಗೆ ಓಡಿದೆ. ಅಮ್ಮ ಸೆರಗು ಸರಿಮಾಡಿಕೊಂಡು ಕುಳಿತಳು. ಮೊದಲ ಹಾಡು, ಎರಡನೆಯದು, ಮೂರನೆಯದು. ಕೂಗು. ಉಸಿರು. ಟಕ್ ಬರಲಿಲ್ಲ. ಗಿಟಾರು ಕುಣಿಯತೊಡಗಿತು. ಅಮ್ಮನ ಮುಖ ಬಾಡಿಹೋಯಿತು. "ಅಣ್ಣ ಇಲ್ಲೆ" ಎಂದಳು. ನಾನು ಅರ್ಧಕ್ಕೇ ನಿಲ್ಲಿಸಿದೆ. ಡೂಪ್ಲಿಕೇಟ್ ಎಂಬ ತೀರ್ಪು ಬಂದದ್ದು ಆಗಲೇ.

ಕಳೆದ ವಾರ ಮಾವ ಬಂದರು. ಕೊಲ್ಲೂರಿಗೆ ಹೋಗಬೇಕೆಂದರು. ಕಾರು ನಾನೇ ಬಿಟ್ಟೆ. ಮುಂದೆ ಮಾವ, ಹಿಂದೆ ಅಮ್ಮ. ಹೆಮ್ಮಾಡಿ ದಾಟುವವರೆಗೆ ಅಣ್ಣತಂಗಿಯ ಸಂಭಾಷಣೆ ಇಷ್ಟು: "ಸೆಕೆ." "ಹ್ಞಾಂ."

ತಡೆಯಲಾಗಲಿಲ್ಲ. ಆಲ್ಬಮ್ ಹಾಕಿದೆ.

"ಎಂತ ಗಲಾಟಿ ಇದ್? ಬಂದ್ ಮಾಡ್!" ಎಂದರು ಮಾವ. (ಕ್ಯಾಸೆಟ್ ಕಳಿಸಿದ ಪುಣ್ಯಾತ್ಮ ಅದನ್ನು ಒಮ್ಮೆಯೂ ಕೇಳಿರಲಿಲ್ಲ!) ನಾನು ಕಿವುಡಿಯ ಹಾಗೆ ಸ್ಟೀಯರಿಂಗ್ ಹಿಡಿದುಕೊಂಡೆ. ವಂಡ್ಸೆಯ ಹತ್ತಿರ ಮೂರನೇ ಹಾಡು ಬಂತು. ಕೂಗು. ಉಸಿರು.

ಹಿಂದಿನ ಸೀಟಿನಿಂದ, ಗಂಡು ದನಿ ಮಾಡಿಕೊಂಡು, ಅಮ್ಮ: "ಅಬ್ಬೇ, ನಾನ್ ಮಾತಾಡುದ್. ಕೇಣ್ತಾ?"

ಮಾವ ಗಕ್ಕನೆ ತಿರುಗಿದರು. ನಾನೂ ಸೇರಿಕೊಂಡೆ. ಇಲ್ಲಿ ಮೀನಿಗೆ ರುಚಿಯೇ ಇಲ್ಲೆ ಕಾಣ್! ಸೋಲೋ ಒಂದು ಕಡೆ, ನಾವಿಬ್ಬರು ಒಂದು ಕಡೆ. 'ಬಿಸ್ಲಂಗೆ ತಿರ್ಗ್ಬೇಡ' ಬರುವಷ್ಟರಲ್ಲಿ ಮಾವ ನಗುತ್ತಿದ್ದರು, ಕಣ್ಣೂ ಒರೆಸಿಕೊಳ್ಳುತ್ತಿದ್ದರು. ಕೊನೆಯ ಸಾಲನ್ನು ನಮಗೆ ಬಿಟ್ಟುಕೊಡಲೇ ಇಲ್ಲ. ಗಿಟಾರಿಗಿಂತ ಜೋರಾಗಿ ಅವರೇ ಕೂಗಿದರು.

"ಆ ಕಪ್ಪ್ ಬೆಕ್ಕ್ ಮರಿ ಹಾಕಿತ್ತಾ? ಇವತ್ತಿನ್ವರಿಗೆ ಒಬ್ರೂ ಉತ್ರ ಕೊಡ್ಲಿಲ್ಲೆ ಕಾಣ್ ಹೆಣೇ! ಕೇಂಡದ್ದೇ ತಪ್ಪಾಯ್ತೇನೋ ಅಂದ್ಕಂಡೆ."

"ಹಾಕಿತ್ತ್ ಅಣ್ಣಾ" ಎಂದಳು ಅಮ್ಮ. "ಅಬ್ಬಿ ಮೀನ್ ಬುಟ್ಟಿಯೊಳ್ಗೇ ಹಾಕಿತ್ತ್! ಒಂದ್ ಮರಿ ನಿನ್ನಾಂಗೇ, ಇಡೀ ದಿನ ಬಾಯಿ ಮುಚ್ಚ್ತಿರ್ಲಿಲ್ಲೆ."

"ಮತ್ತೆ? ಅಬ್ಬಿ ಬೈಲಿಲ್ಯಾ?"

ಆಮೇಲೆ ಕೊಲ್ಲೂರಿನವರೆಗೆ ಇಬ್ಬರದೂ ಬಾಯಿಗೆ ಬೀಗವಿಲ್ಲ. ಮಾತು ಕೇಳಿಸುತ್ತಿಲ್ಲವೆಂದು ಆಲ್ಬಮ್ ಬಂದ್ ಮಾಡಿಸಿದರು. ಪಾಪ, ಆ ಸೋಲೋವನ್ನು ನಾನು ಇವತ್ತಿಗೂ ಪೂರ್ತಿ ಕೇಳಿಲ್ಲ.

ಇರಲಿ, ಅನ್‌ಲಿಮಿಟೆಡ್ ಕಾಲ್ ನಿಮಗೂ ಇದೆಯಲ್ಲ, ನಿನ್ನೆ ಯಾರ ಬೆಕ್ಕನ್ನು ವಿಚಾರಿಸಿದಿರಿ?