ನಳಿಗ್ಯಾಗಿನ ಬೆಳಕು

ಕೇಶ್ವಾಪುರದ ಸಹಕಾರಿ ಬ್ಯಾಂಕಿನ ಬಾಗಲಾ ಕಾಯೋ ಹುಚ್ಚಪ್ಪನಷ್ಟು ಶಾಣ್ಯಾ ಮನಷ್ಯಾ ಆ ಓಣ್ಯಾಗ ಇನ್ನೊಬ್ಬ ಇಲ್ಲ. ಹೆಸರಿಟ್ಟವರ ತಪ್ಪಿಗೆ ಅವನೇನು ಮಾಡ್ಯಾನು? ಹದಿನೇಳು ವರ್ಷ ಮಿಲಿಟರ್ಯಾಗ ಕಲತದ್ದು ಮೈಯಾಗ ಕುಂತುಬಿಟ್ಟಿತ್ತು. ಜೋಡು ನಳಿಗಿ ಬಂದೂಕು ಕೈಗೆ ಬಂದಕೂಡಲೆ ಅದರ ನಡಾ ಬಗ್ಗಿಸಿ ತಗೀತಿದ್ದ, ಒಳಗ ಗುಂಡಿನ ತೋಟಾ ಇಲ್ಲಂತ ಬೆರಳು ಹಾಕಿ ನೋಡ್ತಿದ್ದ, ಆಮ್ಯಾಲೆ ಎರಡೂ ನಳಿಗಿ ಆಕಾಶಕ್ಕ ಹಿಡದು ಒಂದು ಕಣ್ಣು ಮುಚ್ಚಿ ಇಣುಕುತಿದ್ದ. ಬೆಳಕು ಕಂಡ ಮ್ಯಾಲೇನ ಬಾಗಲಾ ತಗೀತಿದ್ದ. ಹೊರಗ ನಿಂತ ಗಿರಾಕಿಗಳು, "ನಕ್ಷತ್ರ ಕಂಡ್ವೇನೋ ಹುಚ್ಚಪ್ಪಾ?" ಅಂತ ಕಾಡ್ತಿದ್ರು.

"ಕಾಣ್ಲಾರದ ದಿನಾ ಹೇಳ್ತೇನಿ ಬಿಡ್ರಿ," ಅಂತಿದ್ದ.

ಈ ಇಣುಕಾಟ ಹೊಸ ಮ್ಯಾನೇಜರು ಗುರುಬಸವ ಸಾಹೇಬರ ಹೊಟ್ಟಿ ಉರಸ್ತಿತ್ತು. ಹತ್ತಿ ವ್ಯಾಪಾರದ ಮನಿತನದವರು, ಎಲ್ಲಾ ಲಗೂ ಆಗಬೇಕು. ಚಾನೂ ನಿಂತೇ ಕುಡೀತಿದ್ರು.

"ನಿಮ್ಮ ನಿಯಮಾ ಮುಗಿಯೂದ್ರಾಗ ಕಳ್ಳ ಗೋಪನಕೊಪ್ಪ ಮುಟ್ಟಿ ಉಂಡು ಮಲಗಿರ್ತಾನ. ಬಂದೂಕು ತುಂಬೇ ಇಡ್ರಿ!"

"ಕಳ್ಳ ಬಂದ್ರ ಬಂದ, ಇಲ್ಲಂದ್ರ ಇಲ್ಲ ಸಾಹೇಬ್ರ. ತುಂಬಿದ ನಳಿಗಿ ಮುಂದ ದಿನಾ ಅಡ್ಡಾಡೋರು ನೀವು," ಅಂದ ಹುಚ್ಚಪ್ಪ.

ಸಾಹೇಬರಿಗೆ ಈ ಮಾತು ನಟ್ಟಿತು. ಗಬ್ಬೂರಿನ ಆಚೆ ಮೈದಾನದಾಗ ಕಾವಲುಗಾರರಿಗೆ ವರ್ಷಕ್ಕೊಮ್ಮೆ ಗುಂಡು ಹಾರಿಸೋ ಪರೀಕ್ಷಾ ಇರ್ತದ. ಈ ಸಲ ಮ್ಯಾಲಿನವರಿಗೆ ಬರದು ಹೊಸಾ ಕಟ್ಟು ಮಾಡಿಸಿದ್ರು: ಸೀಟಿ ಊದಿದ ಮ್ಯಾಲೇನ ಚೀಲದಾಗಿಂದ ಬಂದೂಕು ತಗೀಬೇಕು, ಹದಿನೈದು ಸೆಕೆಂಡಿನ್ಯಾಗ ಗುಂಡು ಹಾರಬೇಕು. ಹಾರಲಿಲ್ಲೋ, ಹುಚ್ಚಪ್ಪನ ನೌಕರಿಗೆ ಎಳ್ಳುನೀರು.

"ಆ ನಳಿಗ್ಯಾಗೇನು ಅಷ್ಟು ನೋಡ್ತೀರಿ? ನನ್ನ ಮಾರಿ ಒಂದಿನಾ ಅಷ್ಟು ನೋಡೀರೇನು?" ಅಂದಳು ಪರೀಕ್ಷಾದ ಹಿಂದಿನ ರಾತ್ರಿ ಹೆಂಡತಿ ಉಡಚವ್ವ. "ನಾಳೆ ಒಂದಿನಾ ಇಣುಕೂದು ಬಿಟ್ಟುಬಿಡ್ರಿ. ನೌಕರಿ ಹೋದ್ರ ದಿನಪೂರ್ತಿ ನಿಮ್ಮನ್ನ ಮನ್ಯಾಗ ಹೆಂಗ ತಡಕೊಳ್ಳಲಿ?" ಹುಚ್ಚಪ್ಪಗ ಖರೇನ ಅಂಜಿಕಿ ಆತು.

ಅದೇ ದಿನಾ ಹಗಲಿಗೆ ಬ್ಯಾಂಕಿನ್ಯಾಗ ಖಂಡೇ ಪೂಜಿ, ಅಂದ್ರ ಆಯುಧ ಪೂಜಿ, ಆಗಿತ್ತು. ಕಂಪ್ಯೂಟರಿಗೆ ವಿಭೂತಿ, ಸಾಹೇಬರ ಕಾರಿಗೆ ನಿಂಬಿಹಣ್ಣು, ಬಂದೂಕಿಗೆ ಚೆಂಡುಹೂವಿನ ಮಾಲಿ. ಹುಚ್ಚಪ್ಪ ಬಾಗಲದಾಗಿದ್ದ. ಪೂಜಿ ಮುಗಿದದ್ದೇ ತಡಾ, ಸಾಹೇಬರು ತಾವೇ ಬಂದೂಕು ಚೀಲಕ್ಕ ಹಾಕಿ ಕೀಲಿ ಜಡದ್ರು.

ಮರುದಿನ ಮೈದಾನದಾಗ ಪರೀಕ್ಷಾ ಅಧಿಕಾರಿ ಶ್ರೀರಂಗ ಸೀಟಿ ಊದಿದ್ರು. ಹುಚ್ಚಪ್ಪನ ಸೋಲನ್ನ ವಿಡಿಯೋ ಮಾಡಾಕ ಗುರುಬಸವ ಸಾಹೇಬರು ಮೊಬೈಲ್ ಹಿಡಕೊಂಡು ಅವನ ಬಾಜೂಕೇ ನಿಂತಿದ್ರು.

ಹುಚ್ಚಪ್ಪ ಚೀಲಾ ಬಿಚ್ಚಿದ, ಬಂದೂಕು ತಗದ, ನಡಾ ಬಗ್ಗಿಸಿದ. ಎಂಟು ಸೆಕೆಂಡ. ತೋಟಾ ಕೈಯಾಗ ಇದ್ವು. ಬಿಟ್ಟುಬಿಡ್ರಿ ಅಂದ ಉಡಚವ್ವ ಕಿವ್ಯಾಗ ಕುಂತಿದ್ಲು. ಆದ್ರ ಹಾಳಾದ ಕುತಿಗಿ ಕೇಳಬೇಕಲ್ಲ! ತಾನಾಗೇ ಆಕಾಶಕ್ಕ ಎದ್ದಿತು. ಒಂದು ನಳಿಗ್ಯಾಗ ಬೆಳಕು. ಇನ್ನೊಂದರಾಗ ಕತ್ತಲಿ.

"ಬೆಳಕು ಕಾಣವಲ್ದು ಸಾಹೇಬ್ರ."

"ಹೊಡೀರಿ ಅಂದ್ರ! ಟೈಮ್ ಮುಗೀತು!" ಅಂತ ಗುರುಬಸವ ಸಾಹೇಬರು ಒದರಿದ್ರು.

ಹುಚ್ಚಪ್ಪ ಹೊಡೀಲಿಲ್ಲ. ನೌಕರಿ ಹೋತು ಅಂದುಕೊಂಡೇ ಕುಂತು, ಚೀಲದಾಗಿದ್ದ ನಳಿಗಿ ತಿಕ್ಕೋ ಉದ್ದನ ಸಲಾಕಿ ಹಾಕಿ ನೂಕಿದ. ಒತ್ತಿ ಒತ್ತಿ ಗಟ್ಟಿಯಾದ ಚೆಂಡುಹೂವಿನ ಗಡ್ಡಿ ಒಂದು ಹೊರಗ ಬಿತ್ತು.

ಶ್ರೀರಂಗರ ಮಾರಿ ಬೆಳ್ಳಗಾತು. "ಇದರ ಮ್ಯಾಲೆ ಗುಂಡು ಹಾರಿದ್ರ ನಳಿಗಿ ಸಿಡಿದು, ಹೊಡದವರೂ ಇಲ್ಲ, ಬಾಜೂಕ ನಿಂತವರೂ ಇಲ್ಲ! ಯಾರ್ರಿ ಇದನ್ನ ತುರುಕಿದ್ದು?"

ಬಾಜೂಕ ನಿಂತವರು ವಿಡಿಯೋ ಬಂದ್ ಮಾಡಿ ಮೊಬೈಲ್ ಕಿಸೇದಾಗ ಇಟ್ರು. "ಮಾಲಿ ಜಾರಿ ಜಾರಿ ಬೀಳ್ತಿತ್ತರಿ... ಲಗೂ ಆಗ್ಲೆಂತ ನಾನ... ನಾಕು ಹೂವಾ ಪೆನ್ನಿಲೆ ಒಳಗ ಒತ್ತಿದ್ದೆ."

ಹುಚ್ಚಪ್ಪ ಆ ಗಡ್ಡಿ ಎರಡೂ ಕೈಲೆ ಅವರ ಮುಂದ ಹಿಡದ. "ಪ್ರಸಾದ ರೀ ಸಾಹೇಬ್ರ, ಕಣ್ಣಿಗೆ ಒತ್ತಿಗೊಳ್ರಿ."

ಸಾಹೇಬರು ಕಣ್ಣಿಗೆ ಒತ್ತಿಗೊಂಡ್ರು. ಶ್ರೀರಂಗರು ಹದಿನೈದು ಸೆಕೆಂಡಿನ ಕಟ್ಟನ್ನ ಅಲ್ಲೇ ಹೊಡದು ಹಾಕಿ, ಹುಚ್ಚಪ್ಪನ ಹೆಸರಿನ ಮುಂದ ಪಾಸ್ ಅಂತ ಬರದ್ರು.

ಈಗ ಆ ಬ್ಯಾಂಕಿನ ಬಾಗಲಾ ಇನ್ನೂ ತಡಾ ತಗೀತದ. ಗಿರಾಕಿಗಳ ಗದ್ದಲ ಕೇಳಿ, "ಹತ್ತು ಹೊಡೀತು ಸಾಹೇಬ್ರ, ತಗೀಲೇನ್ರಿ?" ಅಂತಾನ ಹುಚ್ಚಪ್ಪ.

"ತಡೀರಿ, ಗಡಿಬಿಡಿ ಯಾಕ?" ಅಂತಾರ ಗುರುಬಸವ ಸಾಹೇಬರು, ಒಂದು ಕಣ್ಣು ಮುಚ್ಚಿ. "ಎರಡನೇ ನಳಿಗಿ ಇನ್ನೂ ನೋಡಿಲ್ಲ."